ಗುರುತಿನ ದನಿಗಳು

ಮಾರ್ಚ್ ೪

ಮಗಳೇ,

ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿ ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರುಮಾಡುವುದು ರೂಢಿ. ನಾನು ಹಾಗೆ ಬರೆಯುವುದಿಲ್ಲ. ಇಲ್ಲಿ ಇರುವವಳು ನಾನೊಬ್ಬಳು, ಕ್ಷೇಮವಾಗಿಲ್ಲ. ನೀನಂತೂ ಜೈಲಿನಲ್ಲಿದ್ದೀಯ. ಇದನ್ನು ನಿನಗಿಂತ ಮೊದಲು ಓದುವ ಸಾಹೇಬರಿಗೆ ನಮಸ್ಕಾರ, ಅವರಾದರೂ ಕ್ಷೇಮವಾಗಿರಲಿ.

ಮೊದಲು ಬೈದು ಮುಗಿಸುತ್ತೇನೆ. ಕಳೆದ ವರ್ಷ ನೀನು ಒಬ್ಬೊಬ್ಬರನ್ನೇ ಕರೆತಂದು ಇವರಿಗೆ ಹಾಡುವ ಆಸೆ ಎಂದಾಗ ನಾನು ಎಷ್ಟು ಹಿಗ್ಗಿದ್ದೆ ಎಂದು ನಿನಗೆ ಗೊತ್ತು. ನಮ್ಮ ಚರ್ಚಿನ ಕ್ವಾಯರಿನಲ್ಲಿ ಅದುವರೆಗೆ ಇದ್ದವರು ನಾಲ್ಕು ಮುದುಕಿಯರು, ಅವರಲ್ಲಿ ಇಬ್ಬರಿಗೆ ಕಿವಿ ಮಂದ. ಇದ್ದಕ್ಕಿದ್ದಂತೆ ಐದು ಜನ ಹೊಸಬರು. ದಿನದ ಕೆಲಸ ಮುಗಿದ ಮೇಲಷ್ಟೇ ಬರಲು ಸಾಧ್ಯ ಎಂದರು. ಅವರಿಗಾಗಿಯೇ ಗುರುವಾರ ಸಂಜೆ ಬೇರೆ ಅಭ್ಯಾಸ ಇಟ್ಟೆ. ಒಬ್ಬೊಬ್ಬರನ್ನೂ ಪಿಯಾನೊ ಪಕ್ಕ ನಿಲ್ಲಿಸಿ ದನಿ ನೋಡಿದೆ, ಮೇಲ್ದನಿ ಕೆಳದನಿ ಎಂದು ಬೇರೆ ಮಾಡಿದೆ, ಉಸಿರು ಎಲ್ಲಿ ಎಳೆಯಬೇಕೆಂದು ತಿದ್ದಿದೆ. ಕೆಲವರಿಗೆ ದೇವರಲ್ಲಿ ನಂಬಿಕೆಯೇ ಇಲ್ಲ ಎಂದು ಗೊತ್ತಾದರೂ ಸುಮ್ಮನಿದ್ದೆ. ಹಾಡುತ್ತಾ ಹಾಡುತ್ತಾ ರಾಗ ಬರುವಂತೆ ಅದೂ ಬರುತ್ತದೆ ಎಂದುಕೊಂಡೆ. ಭಾನುವಾರದ ಆರಾಧನೆಗೆ ಮಾತ್ರ ಒಬ್ಬರೂ ತಲೆಹಾಕಲಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು.

ಕಲಿಸಿ ಮುಗಿಸಿ ಬೀಗದ ಕೈಯನ್ನು ನಿನಗೆ ಕೊಟ್ಟು ಮನೆಗೆ ಬರುತ್ತಿದ್ದೆ. ನಾನು ಬೆನ್ನು ತಿರುಗಿಸಿದ ಮೇಲೆ ನೀವು ಹಾಡುತ್ತಿರಲಿಲ್ಲ ಎಂದು ಪೊಲೀಸರು ಹೇಳಿದ ಮೇಲೆ ನನಗೆ ತಿಳಿಯಿತು. ಪತ್ರಿಕೆಗಳಿಗೆ ಬೀಗ ಬಿದ್ದಿದ್ದರಿಂದ, ಸರ್ಕಾರ ಎತ್ತಿಕೊಂಡು ಹೋದವರ ಹೆಸರುಗಳನ್ನು ಸರದಿಯ ಮೇಲೆ ಓದಿ ಕ್ಯಾಸೆಟ್ ಮಾಡಿ ಊರೆಲ್ಲ ಹಂಚುತ್ತಿದ್ದಿರಂತೆ. ಅದೂ ರೆಕಾರ್ಡರನ್ನು ನನ್ನ ಪಿಯಾನೊ ಮೇಲೆ ಇಟ್ಟು.

ಆ ಕ್ಯಾಸೆಟ್ಟಿನಲ್ಲಿ ಆರು ದನಿ, ಸಿಕ್ಕಿಬಿದ್ದದ್ದು ನಿನ್ನದೊಂದೇ. ಸಿಗದೆ ಏನು? ಹೆಸರುಗಳನ್ನೆಲ್ಲ ಓದಿ ಮುಗಿಸಿ ಕೊನೆಯಲ್ಲಿ "ರೈಟ್, ಹೋಗಲಿ" ಎಂದೆಯಂತೆ. ಇಷ್ಟು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳ ನಾಲಿಗೆ, ಇನ್ನೇನು ಹೇಳೀತು. ಆ "ರೈಟ್" ಕೇಳದ ಕಿವಿ ಈ ಊರಿನಲ್ಲಿ ಯಾವುದಿದೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಿನಗೆ ನಾನು ಪ್ರಾರ್ಥನೆ ಕಲಿಸಿದ್ದು ಊಟಕ್ಕೆ ಮೊದಲು ಹೇಳಲಿ ಎಂದು. ಪೊಲೀಸರ ಮುಂದೆ ಹೇಳಲಿ ಎಂದಲ್ಲ. ಅಲ್ಲಿ ಹೆದರಿಕೆಯಾಗುವುದಿಲ್ಲವೇ? ಇಲ್ಲ ಎಂದು ಸುಳ್ಳು ಬರೆಯಬೇಡ. ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಹಾಕಿಕೋ, ಯಾರಿಗೂ ದಾನ ಮಾಡಬೇಡ.

ಸಿಟ್ಟಿನಲ್ಲಿರುವ
ಅಮ್ಮ


ಮಾರ್ಚ್ ೨೧

ಅಮ್ಮಾ,

ಬೈಗುಳವೆಲ್ಲ ಭದ್ರವಾಗಿ ತಲುಪಿತು. ಒಂದು ಸಾಲಿಗೆ ಮಾತ್ರ ಕಪ್ಪು ಮಸಿ ಬಳಿದಿದ್ದರು. ಅದರಲ್ಲಿ ಏನು ಬೈದಿದ್ದೆಯೋ ಎಂದು ಯೋಚಿಸುತ್ತಲೇ ಒಂದು ದಿನ ಕಳೆಯಿತು, ಅದಕ್ಕಾಗಿ ಸಾಹೇಬರಿಗೆ ನನ್ನದೂ ನಮಸ್ಕಾರ.

ನಿನಗೆ ಹೇಳದೆ ಮಾಡಿದ್ದು, ನೀನು ಬೇಡ ಎನ್ನುತ್ತೀಯ ಎಂದಲ್ಲ. ಗೊತ್ತಿಲ್ಲದವರನ್ನು ಅವರು ಬೇಗ ಬಿಟ್ಟುಬಿಡುತ್ತಾರೆ ಎಂದು. ನಾಲ್ಕು ಜನ ಒಂದೆಡೆ ಸೇರಬಾರದು ಎಂದ ಸರ್ಕಾರ ಹಾಡುವುದಕ್ಕೆ ಸೇರಬಾರದು ಎಂದಿರಲಿಲ್ಲ. ಮುಂದಿನ ಬೀದಿಯಲ್ಲಿ ಕಾವಲಿತ್ತು, ಅವರಿಗೆ ಕೇಳಿಸುವ ಹಾಗೆ ನಿಜವಾಗಿಯೂ ಹಾಡಬೇಕಿತ್ತು. ಇವರೆಲ್ಲ ಹಿಂದಿನ ಗೇಟಿನಿಂದ ಬಂದು ಕಷ್ಟಪಟ್ಟು ಕಲಿತರು. ದೇವರನ್ನು ನಂಬದ ಒಬ್ಬರು ಹೇಳಿದ್ದು ಇನ್ನೂ ನೆನಪಿದೆ: "ಪೊಲೀಸರಿಗೆ ಹೆದರಿ ಹಾಡ್ತಿಲ್ಲ, ನಿಮ್ಮಮ್ಮನಿಗೆ ಹೆದರಿ ಹಾಡ್ತಿದೀನಿ."

ಹೆದರಿಕೆಯಾಗುತ್ತದೆ ಅಮ್ಮಾ. ವಿಚಾರಣೆಗೆ ಕರೆಯಲು ಬರುವವರ ಬೂಟಿನ ಸದ್ದಿಗೇ ಎದ್ದು ಗೋಡೆಗೆ ಒರಗಿ ಕೂರುತ್ತೇನೆ. ಆ ಕೋಣೆಯವರೆಗಿನ ದಾರಿಯಲ್ಲಿ ನೀನು ಕಲಿಸಿದ ಪ್ರಾರ್ಥನೆಯನ್ನೇ ಹೇಳಿಕೊಳ್ಳುತ್ತೇನೆ. ಅದರಲ್ಲಿ ನಾವು ಈ ದಿನದ ರೊಟ್ಟಿ ಕೇಳುತ್ತೇವೆಯೇ ಹೊರತು ತಿಂಗಳ ದಿನಸಿ ಕೇಳುವುದಿಲ್ಲ. ನನಗೆ ಸಿಗುವ ಧೈರ್ಯವೂ ಅಷ್ಟೇ. ಆ ಕೋಣೆಯೊಳಗೆ ಹೋಗಿ ಹೊರಗೆ ಬರುವಷ್ಟು. ವಾಪಸ್ಸು ಬಂದಾಗ ಡಬ್ಬಿ ಖಾಲಿ, ನಾಳೆ ಮತ್ತೆ ಕೈಯೊಡ್ಡಬೇಕು. ಮೊದಮೊದಲು ನನ್ನ ನಂಬಿಕೆಯೇ ತೆಳು ಎಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ.

ಭಾನುವಾರದ ಶಾಲೆಯಲ್ಲಿ ನಮಗೆ ಯೇಸುವಿನ ಚಿತ್ರ ತೋರಿಸುವಾಗ ಯಾವಾಗಲೂ ಹೆಗಲ ಮೇಲೆ ಕುರಿಮರಿ ಇರುತ್ತಿತ್ತು. ಅವನನ್ನೂ ಹಿಡಿದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದಾಡಿ, ನಿಲ್ಲಿಸಿ, ಹೊಡೆದು, ಪ್ರಶ್ನೆ ಕೇಳಿದ್ದರು ಎಂಬುದು ಓದಿದ್ದರೂ ಮೈಗೆ ತಾಕಿರಲಿಲ್ಲ. ಆ ಕೋಣೆ ಅವನಿಗೆ ಗೊತ್ತು. ಅಲ್ಲಿ ಕೂತಾಗ ನನಗೆ ಆಸರೆ ಅದೊಂದೇ, ಬೇರೆ ಏನೂ ಇಲ್ಲ.

ಸ್ವಲ್ಪ ಕೆಮ್ಮು ಇದೆ, ಗಾಬರಿಯಾಗುವಂಥದ್ದಲ್ಲ. ಕಾಲುಚೀಲ ನನ್ನ ಕಾಲಲ್ಲೇ ಇದೆ.

ನಿನ್ನ
ಮಗಳು


ಏಪ್ರಿಲ್ ೯

ಮಗಳೇ,

ಗಾಬರಿಯಾಗುವಂಥದ್ದಲ್ಲ ಎಂದು ಬರೆದಿದ್ದೆ. ಭೇಟಿಗೆ ಬಂದಾಗ ಸರಳಿನ ಈಚೆಯಿಂದ ನೋಡಿದೆನಲ್ಲ. ಒಂದು ವಾಕ್ಯ ಹೇಳಿ ಮುಗಿಸಲು ನೀನು ಎರಡು ಸಲ ನಿಲ್ಲಿಸಿದೆ. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿದೆ. ಮೂವತ್ತು ವರ್ಷ ಶಾಲೆಯಲ್ಲಿ ಹಾಡು ಕಲಿಸಿ ಮಕ್ಕಳ ಉಸಿರು ತಿದ್ದಿದವಳು ನಾನು. ಎದೆಯಲ್ಲಿ ಕಫ ಎಷ್ಟು ಕೆಳಗೆ ಇಳಿದಿದೆ ಎಂದು ನನಗೆ ಡಾಕ್ಟರು ಹೇಳಬೇಕಾಗಿಲ್ಲ.

ಅಂದಿನಿಂದ ಕಾಲು ಒಂದೆಡೆ ನಿಲ್ಲುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬರುತ್ತೇನೆ, ಬಾಗಿಲಲ್ಲಿ ನಿಂತು ಹಾಲು ಮರೆಯುತ್ತೇನೆ. ಶಾಲೆಯಲ್ಲಿ ಒಂದೇ ಪಾಠವನ್ನು ಒಂದೇ ತರಗತಿಗೆ ಎರಡು ಸಲ ಮಾಡಿದೆ, ಹುಡುಗಿಯರು ಪಾಪ ಸುಮ್ಮನೆ ಹಾಡಿದರು.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಪ್ರಕರಣ ನೋಡಿಕೊಳ್ಳುವ ಕನ್ನಡಕದ ಅಧಿಕಾರಿ ಮನೆಗೆ ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು, ಕೊಟ್ಟ ಚಹಾ ಕುಡಿದರು, ನನ್ನನ್ನು ಅಮ್ಮಾ ಎಂದೇ ಕರೆದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಉಳಿದ ಐದು ಜನರ ಮುಖ ನೋಡಿದವರು ಈ ಊರಿನಲ್ಲಿ ನಾವಿಬ್ಬರೇ ಎಂದು ಅವರಿಗೆ ಗೊತ್ತಿದೆ. ನೀನು ಬಾಯಿ ಬಿಡುವುದಿಲ್ಲ ಎಂದೂ ಗೊತ್ತಾಗಿದೆ. ಅದಕ್ಕೆ ನನ್ನ ಬಳಿ ಬಂದರು. ಕ್ಯಾಸೆಟ್ ಹಾಕುತ್ತಾರಂತೆ, ಯಾವ ದನಿ ಯಾರದು ಎಂದು ನಾನು ಹೇಳಬೇಕಂತೆ. "ನೀವು ಏನೂ ಬರೆದುಕೊಡೋದು ಬೇಡ ಅಮ್ಮಾ, ನಿಮ್ಮ ಕಿವಿ ಸಾಕು. ಅದೇ ವಾರ ಮಗಳು ಮನೆಗೆ ಬರ್ತಾಳೆ." ಹಾಗೆಂದು ಹೋಗುವಾಗ ಕಪ್ಪನ್ನು ತಾವೇ ಒಳಗೆ ಇಟ್ಟುಹೋದರು.

ಅವರ ಐವರ ಹೆಸರೂ ನನಗೆ ಗೊತ್ತು. ಯಾರ ಕೆಲಸ ಎಲ್ಲಿ, ಮನೆ ಎಲ್ಲಿ ಎಂಬುದೂ ಗೊತ್ತು. ಅವರಲ್ಲಿ ಒಬ್ಬರಿಗೆ ಈಚೆಗೆ... ಬೇಡ, ಬರೆಯುವುದಿಲ್ಲ. ಸಾಹೇಬರು ಓದುತ್ತಾರೆ.

ಪಾದ್ರಿಗಳನ್ನು ಕೇಳಿದೆ. ಅವರು ಒಳ್ಳೆಯವರು, ಆದರೆ ಹೆದರಿದ್ದಾರೆ. ಯಾವ ದನಿಯೂ ಗುರುತು ಸಿಗಲಿಲ್ಲ, ವಯಸ್ಸಾಯಿತು ಎಂದು ಹೇಳಿಬಿಡಿ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ನೀನು ಒಳಗೇ ಉಳಿಯುತ್ತೀಯಲ್ಲ! ನನಗೆ ಬೇಕಾಗಿರುವುದು ಹಾವಲ್ಲ, ಕೋಲಲ್ಲ. ನೀನು ಬೇಕು.

ಬೇಗ ಉತ್ತರ ಬರೆ.

ಅಮ್ಮ


ಏಪ್ರಿಲ್ ೨೩

ಅಮ್ಮಾ,

ಹೇಳಬೇಡ.

ಇಷ್ಟೇ ಬರೆದು ಕಳಿಸೋಣ ಎಂದುಕೊಂಡೆ. ಆದರೆ ನೀನು ಅಷ್ಟಕ್ಕೆ ಕೇಳುವವಳಲ್ಲ. ಈ ಕೋಣೆಯಲ್ಲಿ ನನ್ನ ಜೊತೆ ಒಬ್ಬ ನರ್ಸಮ್ಮ ಇದ್ದಾರೆ. ಅವರನ್ನು ಹಿಡಿದುಕೊಟ್ಟದ್ದು ಅವರ ಸ್ವಂತ ತಮ್ಮ. ತಮ್ಮನ ಹೆಂಡತಿಯನ್ನು ಬಿಡುತ್ತೇವೆ ಎಂದಿದ್ದರಂತೆ, ಬಿಟ್ಟರು ಕೂಡ. ಮಾತು ತಪ್ಪಲಿಲ್ಲ. ಈಗ ಆ ತಮ್ಮ ವಾರವಾರವೂ ಬಂದು ಹೊರಗಿನ ಕಟ್ಟೆಯ ಮೇಲೆ ಕೂರುತ್ತಾನೆ. ಭೇಟಿಗೆ ಹೆಸರು ಕೊಡುವುದಿಲ್ಲ, ಸುಮ್ಮನೆ ಕೂತು ಎದ್ದುಹೋಗುತ್ತಾನೆ. ನರ್ಸಮ್ಮ ದಿನವೂ ಅವನಿಗಾಗಿ ಪ್ರಾರ್ಥಿಸುತ್ತಾರೆ, ನನಗಾಗಿಯೂ ಕೆಮ್ಮಿನ ಔಷಧಿಗಾಗಿಯೂ ಪ್ರಾರ್ಥಿಸುತ್ತಾರೆ. ಅವನನ್ನು ಕ್ಷಮಿಸಿದ್ದಾರೆ. ಆದರೆ ಅವನು ಕಟ್ಟೆ ಬಿಟ್ಟು ಒಳಗೆ ಬರಲಾರ.

ನೀನು ಆ ಕಟ್ಟೆಯ ಮೇಲೆ ಕೂರುವುದು ನನಗೆ ಬೇಡ. ನಾನು ಇಲ್ಲಿ ಚೆನ್ನಾಗಿಯೇ ಇದ್ದೇನೆ.

ನಿನ್ನ
ಮಗಳು


ಮೇ ೨

ಚೆನ್ನಾಗಿಯೇ ಇದ್ದೀಯಾ? ನಿನ್ನ ಅಕ್ಷರ ನೋಡಿದೆ. ಸಾಲುಗಳು ಕೆಳಗೆ ಜಾರಿವೆ, ಮಲಗಿಕೊಂಡು ಬರೆದಿದ್ದೀಯ.

ನೀನು ಯೇಸುವಿನ, ಆ ಮಗನ ಮಾತು ಹೇಳುತ್ತೀಯ, ಅವನಿಗೆ ಆ ಕೋಣೆ ಗೊತ್ತು ಎನ್ನುತ್ತೀಯ. ಸರಿ. ಶಿಲುಬೆಯ ಕೆಳಗೆ ನಿಂತಿದ್ದಳಲ್ಲ, ಆ ತಾಯಿಯ ವಿಷಯ ಏನಾದರೂ ಯೋಚಿಸಿದ್ದೀಯಾ? ಅವಳ ಹತ್ತಿರ ಯಾವ ಅಧಿಕಾರಿಯೂ ಬಂದು, ಅಮ್ಮಾ, ಅವನ ಜೊತೆ ತಿರುಗುತ್ತಿದ್ದವರು ಎಲ್ಲೆಲ್ಲಿ ಅಡಗಿದ್ದಾರೆ ಹೇಳಿಬಿಡಿ, ಇವನನ್ನು ಈಗಲೇ ಕೆಳಗೆ ಇಳಿಸುತ್ತೇವೆ ಎನ್ನಲಿಲ್ಲ. ಅಂದಿದ್ದರೆ? ಅವಳು ಹೇಳಿಬಿಡುತ್ತಿದ್ದಳು ಎಂದೇ ನಾನು ಅನ್ನುತ್ತೇನೆ. ಒಬ್ಬರನ್ನೂ ಬಿಡದೆ ಹೇಳುತ್ತಿದ್ದಳು. ಹೆತ್ತ ಕರುಳು ಅದು. ಅವಳನ್ನು ಯಾರು ಬೈಯುತ್ತಿದ್ದರು? ನಾನಂತೂ ಬೈಯುತ್ತಿರಲಿಲ್ಲ.

ನಿನ್ನ ಅಪ್ಪ ಹೋದಾಗ ನೀನು ನನ್ನ ಸೊಂಟದೆತ್ತರ ಇದ್ದೆ. ಆಮೇಲೆ ಈ ಮನೆಯಲ್ಲಿ ಮಾತಾಡಿದ್ದು ನಾವಿಬ್ಬರೇ, ಜಗಳವಾಡಿದ್ದೂ ನಾವಿಬ್ಬರೇ. ಬೇರೆಯವರ ಮಕ್ಕಳಿಗಾಗಿ ನನ್ನ ಮಗಳನ್ನು ಕೊಡು ಎಂದರೆ ಕೊಡಲು ನಾನೇನು ಅಬ್ರಹಾಮನೇ? ಮಗನನ್ನು ಬಲಿಕೊಡಲು ಕತ್ತಿ ಎತ್ತಿದ ಅವನಿಗಾದರೂ ಕೊನೆಯ ಗಳಿಗೆಯಲ್ಲಿ ದೇವದೂತ ಬಂದು ಕೈ ಹಿಡಿದ.

ಪ್ರಾರ್ಥನೆ ಮಾಡಲು ಕೂತರೆ ಬಾಯಲ್ಲಿ ಬರುವುದು ನಿನ್ನ ಹೆಸರೊಂದೇ. ಅದು ಪ್ರಾರ್ಥನೆಯೋ ಹಟವೋ ಗೊತ್ತಿಲ್ಲ. ಅಧಿಕಾರಿಗೆ ಫೋನ್ ಮಾಡಿ ಬುಧವಾರ ಬರುತ್ತೇನೆ ಎಂದಿದ್ದೇನೆ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಇನ್ನು ನೀನು ನನಗೆ ಬುದ್ಧಿ ಹೇಳಬೇಡ.

ಅಮ್ಮ


ಮೇ ೧೭

ಮಗಳೇ,

ನಿನ್ನಿಂದ ಕಾಗದ ಬರಲಿಲ್ಲ. ನಿನಗೆ ಬರೆಯಲು ಬಿಡುತ್ತಿಲ್ಲ ಎಂದು ಜೈಲಿನ ಬಾಗಿಲಲ್ಲಿ ಹೇಳಿದರು. ಇದನ್ನಾದರೂ ನಿನ್ನ ಕೈಗೆ ಕೊಡುತ್ತಾರೋ ಇಲ್ಲವೋ. ಸಾಹೇಬರೇ, ದಯವಿಟ್ಟು ಕೊಡಿ. ನಿಮಗೆ ತಿಳಿದಿರದ ವಿಷಯ ಇದರಲ್ಲಿ ಒಂದೂ ಇಲ್ಲ.

ಬುಧವಾರ ಹೋದೆ. ಹೇಳಬೇಕೆಂದೇ ಹೋದೆ, ಅದನ್ನು ಮುಚ್ಚಿಡುವುದಿಲ್ಲ. ದಾರಿಯಲ್ಲಿ ಐದು ಹೆಸರನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ, ಮೇಲ್ದನಿಯಿಂದ ಕೆಳದನಿಗೆ. ಸಣ್ಣ ಕೋಣೆ, ಒಂದು ಮೇಜು, ಅದರ ಮೇಲೆ ಕ್ಯಾಸೆಟ್ ಹಾಕುವ ಪೆಟ್ಟಿಗೆ. ಕಿಟಕಿಯ ಗಾಜಿಗೆ ಸುಣ್ಣ ಬಳಿದಿದ್ದರು. ಅಧಿಕಾರಿ ಕುರ್ಚಿ ಎಳೆದು ಕೂರಿಸಿ, ಅವಸರವಿಲ್ಲ, ಬೇಕಾದರೆ ತಿರುಗಿಸಿ ಹಾಕುತ್ತೇನೆ ಎಂದರು.

ಆ ಕ್ಯಾಸೆಟ್ಟನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ ನೋಡು. ಬೈದದ್ದೆಲ್ಲ ಕೇಳದೆಯೇ ಬೈದದ್ದು. ಮೊದಲು ಗುಂಯ್ ಎಂಬ ಸದ್ದು, ಆಮೇಲೆ ನನ್ನ ಪಿಯಾನೊ ಸ್ಟೂಲು ಕಿರ್ ಎಂದಿತು. ಮೊದಲ ದನಿ ಶುರುವಾಯಿತು. ಒಂದು ಹೆಸರು, ಅವರ ವಯಸ್ಸು, ಯಾವ ದಿನ ಕರೆದುಕೊಂಡು ಹೋದರು, ಅಷ್ಟೇ. ಮತ್ತೆ ಇನ್ನೊಂದು ಹೆಸರು. ನಾನು ಕಲಿಸಿದಂತೆಯೇ, ಹೆಸರಿಗೆ ಮೊದಲು ಉಸಿರು ತುಂಬಿಕೊಂಡು, ಹೆಸರು ಪೂರ್ತಿ ಮುಗಿಯುವವರೆಗೆ ಬಿಡದೆ. ಹಾಡುವಾಗ ಯಾವಾಗಲೂ ಓಡುತ್ತಿದ್ದ ಒಂದು ದನಿ ಇತ್ತಲ್ಲ, ಎಷ್ಟು ಗದರಿದರೂ ನಿಲ್ಲದ್ದು? ಅದು ಇಲ್ಲಿ ಒಂದೊಂದು ಹೆಸರನ್ನೂ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸುತ್ತಿತ್ತು. ಹೆಸರುಗಳು ಮುಗಿಯಲೇ ಇಲ್ಲ. ಒಂದು ಬದಿ ಮುಗಿದು ಕ್ಯಾಸೆಟ್ ತಿರುಗಿಸಿದರು, ಮತ್ತೆ ಹೆಸರುಗಳು.

ಅವರಿಗೆಲ್ಲ ಅಮ್ಮಂದಿರಿದ್ದಾರೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ ಎಂದರೆ ನಂಬುತ್ತೀಯಾ? ನನ್ನೊಬ್ಬಳಿಗೇ ಮಗಳಿದ್ದಾಳೆ ಎನ್ನುವ ಹಾಗೆ ಮನೆ ತುಂಬ ಓಡಾಡಿದ್ದೆ. ನಾನು ನಿನಗಾಗಿ ಜೈಲಿನ ಬಾಗಿಲಲ್ಲಿ ನಿಲ್ಲಬಹುದು. ಆ ಅಮ್ಮಂದಿರಿಗೆ ಯಾವ ಬಾಗಿಲು ಎಂದೇ ಗೊತ್ತಿಲ್ಲ. ಈ ಊರಿನಲ್ಲಿ ಯಾರಾದರೂ ಅವರ ಮಕ್ಕಳ ಹೆಸರನ್ನು ಗಟ್ಟಿಯಾಗಿ ಹೇಳಿದ್ದರೆ ಅದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ನಾನು ಬಾಯಿ ಬಿಟ್ಟರೆ ಮುಂದಿನ ಕ್ಯಾಸೆಟ್ಟಿಗೆ ಇನ್ನೂ ಐದು ಹೆಸರು ಸೇರುತ್ತವೆ, ಓದಲು ಯಾರೂ ಇರುವುದಿಲ್ಲ.

ಕೊನೆಯಲ್ಲಿ ನಿನ್ನ ದನಿ ಬಂತು. ಕೆಮ್ಮು ಇಲ್ಲದ ದನಿ. "ರೈಟ್, ಹೋಗಲಿ" ಎಂದೆ. ನನಗೆ ನಗು ಬಂತು, ಅಳುವೂ ಬಂತು.

"ಗುರುತು ಸಿಕ್ತಾ ಅಮ್ಮಾ?" ಎಂದು ಅಧಿಕಾರಿ ಕೇಳಿದರು. ಸಿಕ್ಕಿತು ಎಂದೆ. ಪೆನ್ನಿನ ಮುಚ್ಚಳ ತೆಗೆದರು. ಐದು ಹೆಸರೂ ನಾಲಿಗೆಯ ತುದಿಯಲ್ಲೇ ಇದ್ದವು. ನಿನ್ನ ಹಾಸಿಗೆಗೆ ಒಗೆದ ಹೊದಿಕೆ ಹಾಸಿ ಬಂದಿದ್ದೆ, ಅದೂ ಕಣ್ಣ ಮುಂದೆಯೇ ಇತ್ತು.

"ಎಲ್ಲರೂ ಗೊತ್ತು. ಹೇಳೋದಿಲ್ಲ" ಎಂದೆ.

ಅವರು ಪೆನ್ನನ್ನು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು, ಅಥವಾ ಆ ಗಳಿಗೆಯಲ್ಲಿ ಕೆಟ್ಟವರಾಗಿರಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿ, ಯಾವುದೂ ಗೊತ್ತಿಲ್ಲ ಎಂದಿರಿ ಅಂತ ಬರೆದುಕೊಳ್ಳುತ್ತೇನೆ, ನಿಮಗಾದರೂ ತೊಂದರೆ ತಪ್ಪುತ್ತದೆ ಎಂದರು. ಪಾದ್ರಿಗಳ ಮಾತೇ. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಈಗತಾನೆ ಐದು ಜನ ನಾನು ತಿದ್ದಿದ ಉಸಿರಿನಲ್ಲಿ ಮಾತಾಡಿದ್ದನ್ನು ಕೇಳಿದ್ದೆನಲ್ಲ.

"ಬೇಡ ಸಾರ್. ಯೇಸುವನ್ನ ಹಿಡಿದ ರಾತ್ರಿ, ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಅಂತ ಶಿಷ್ಯ ಪೇತ್ರ ಹೇಳಿದ್ದ. ಆಮೇಲೆ ಎಷ್ಟು ಅತ್ತ ಅಂತ ಓದಿದೀನಿ. ಇವರು ನನಗೆ ಗೊತ್ತು ಅಂತಲೇ ಬರ್ಕೊಳ್ಳಿ."

ಬರೆದುಕೊಂಡರು. ಅದನ್ನೆಲ್ಲ ಧೈರ್ಯ ಎಂದು ಯಾರಾದರೂ ಹೇಳಿದರೆ ನಂಬಬೇಡ. ಹೊರಡುವಾಗ ಬಾಗಿಲು ಎಲ್ಲಿದೆ ಎಂದು ತಿಳಿಯದೆ ಸುಣ್ಣ ಬಳಿದ ಕಿಟಕಿಯ ಕಡೆ ನಡೆದೆ, ಅವರೇ ಕೈ ಹಿಡಿದು ಹೊರಗೆ ಕರೆತಂದರು. ಹೊರಗಿನ ಗೋಡೆಗೆ ಒರಗಿ ನಿಂತು ಏನೇನೋ ಪ್ರಾರ್ಥಿಸಿದೆ. ನಿನ್ನ ಹೆಸರಿನ ಜೊತೆ ಕ್ಯಾಸೆಟ್ಟಿನ ಹೆಸರುಗಳೂ ಬಂದವು, ನೆನಪಿದ್ದಷ್ಟು.

ಶಾಲೆಯವರು ಇನ್ನು ಬರಬೇಡಿ ಎಂದಿದ್ದಾರೆ. ಚರ್ಚಿನ ಕಮಿಟಿಯವರು ಪಿಯಾನೊಗೆ ಬೀಗ ಹಾಕಿದ್ದಾರೆ. ನನ್ನನ್ನು ಯಾವಾಗ ಕರೆದೊಯ್ಯುತ್ತಾರೋ ಗೊತ್ತಿಲ್ಲ, ಚೀಲ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಅದೆಲ್ಲ ಇರಲಿ. ನನ್ನನ್ನು ತಿನ್ನುತ್ತಿರುವುದು ಬೇರೆ. ನಿನ್ನನ್ನು ಒಳಗೆ ಹಾಕಿದವರು ಅವರು. ಈಗ ಬೀಗ ಹಾಕಿದವಳು ನಾನು. ನಿನ್ನ ಕೆಮ್ಮು ಕಿವಿಯಿಂದ ಹೋಗುತ್ತಿಲ್ಲ. ನೀನು ಬೇಡ ಎಂದೆ, ಹಾಗೇ ಮಾಡಿದೆ. ಆದರೂ ನಿನಗೆ ಸಿಟ್ಟು ಬಂದಿದ್ದರೆ ಬರೆ. ಸುಳ್ಳು ಸಮಾಧಾನ ಬೇಡ.

ಅಮ್ಮ


ಜೂನ್ ೩೦

ಅಮ್ಮಾ,

ನಿನ್ನ ಕಾಗದ ತಡವಾಗಿ ಸಿಕ್ಕಿತು. ಎಲ್ಲೂ ಮಸಿ ಬಳಿದಿರಲಿಲ್ಲ. ಸಾಹೇಬರು ಪೂರ್ತಿ ಬಿಟ್ಟಿದ್ದಾರೆ.

ತೀರ್ಪು ಬಂತು, ಏಳು ವರ್ಷ. ನಾಳೆ ನನ್ನನ್ನು ದೂರದ ಜೈಲಿಗೆ ಕಳಿಸುತ್ತಾರೆ. ಅಲ್ಲಿಗೆ ಭೇಟಿ ಇಲ್ಲ, ಕಾಗದ ಮಾತ್ರ, ಅದೂ ಅವರಿಗೆ ಮನಸ್ಸು ಬಂದಾಗ. ನರ್ಸಮ್ಮನವರನ್ನೂ ಕಳಿಸುತ್ತಾರಂತೆ. ಅವರ ದಯೆಯಿಂದ ಕೆಮ್ಮಿಗೆ ಔಷಧಿ ಸಿಕ್ಕಿದೆ, ರಾತ್ರಿ ಮಲಗಲು ಆಗುತ್ತಿದೆ. ಇದು ಸುಳ್ಳು ಸಮಾಧಾನವಲ್ಲ.

ಇನ್ನು ಸಿಟ್ಟಿನ ವಿಷಯ. "ನಿಮ್ಮಮ್ಮ ಒಂದು ಹೆಸರೂ ಹೇಳಲಿಲ್ವಂತೆ" ಎಂದು ಕಾವಲಿನವಳು ಬಂದು ಹೇಳಿದಾಗ ಮೊದಲು ಬಂದದ್ದು ಸಿಟ್ಟೇ. ನಿನ್ನ ಮೇಲೆ. ಬುಧವಾರ ಹೋಗುತ್ತೇನೆ ಎಂದಿದ್ದ ನಿನ್ನ ಕಾಗದ ಓದಿ, ಆ ಹೊತ್ತಿಗೆ ನಾನು ಬಟ್ಟೆ ಮಡಚಿ ಇಟ್ಟುಕೊಂಡಿದ್ದೆ. ಮಡಚಿದ್ದನ್ನೆಲ್ಲ ಬಿಚ್ಚಿ ಎಸೆದು ಗೋಡೆಯ ಕಡೆ ತಿರುಗಿ ಮಲಗಿದೆ. ನರ್ಸಮ್ಮ ಅವನ್ನು ಮತ್ತೆ ಮಡಚಿಟ್ಟರು. ಮಾರನೆಯ ದಿನ ಅವರ ಜೊತೆ ಪ್ರಾರ್ಥನೆಗೆ ಕೂತಾಗ ಬಾಯಿ ತೆರೆಯಲಿಲ್ಲ. ಅದರ ಮಾರನೆಯ ದಿನ ಆ ದಿನದ ರೊಟ್ಟಿ ಕೇಳಿದೆ. ಸಿಕ್ಕಿತು, ಎಂದಿನಂತೆ ಅಷ್ಟೇ.

ನೀನು ಹೇಳಿಬಿಡುತ್ತೀಯ ಎಂದು ಹೆದರಿದ್ದೆ ಅಮ್ಮಾ. ಹೇಳುವುದಿಲ್ಲ ಎಂದೂ ಹೆದರಿದ್ದೆ. ಯಾವುದಕ್ಕೆ ಹೆಚ್ಚು ಹೆದರಿದ್ದೆ ಎಂಬುದು ನನಗೂ ದೇವರಿಗೂ ಗೊತ್ತು. ಚೆನ್ನಾಗಿಯೇ ಇದ್ದೇನೆ ಎಂದು ಬರೆದ ದಿನ ಎದ್ದು ಕೂರಲೂ ಆಗುತ್ತಿರಲಿಲ್ಲ. ಇನ್ನೊಂದು ಮಾತನ್ನು ಬರೆದು ಹರಿದುಹಾಕಿದ್ದೆ, ಅದನ್ನು ಓದಿದ್ದರೆ ನೀನು ಹೇಳಿಬಿಡುತ್ತಿದ್ದೆ. ಈಗ ತೀರ್ಪಾಗಿದೆ, ಯಾರಿಗೂ ಅದರಿಂದ ಅಪಾಯವಿಲ್ಲ, ಬರೆಯಬಹುದು.

ನನಗೆ ಮನೆಗೆ ಬರಬೇಕು ಅಮ್ಮಾ. ಬರಬೇಕು ಎಂದು ದಿನವೂ ಅನಿಸುತ್ತದೆ.

ನಿನ್ನ
ಮಗಳು